ಒಂಗೋಲು ಸಭೆ ಹುಟ್ಟಿದ್ದು ಬರಗಾಲದಲ್ಲಿ ಅಲ್ಲ

ಮಾನ್ಯ ಸಂಪಾದಕರೆ,

ಧಾತು ಮತ್ತು ಈಶ್ವರ ಸಂವತ್ಸರಗಳ (1876–78) ಮಹಾ ಬರದ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಆಗಾಗ ಲೇಖನಗಳು ಬರುತ್ತವೆ. ಬರಲೇಬೇಕು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಇಂಥ ಲೇಖನಗಳು ಮದರಾಸು ಪ್ರಾಂತ್ಯದತ್ತ ತಿರುಗಿದಾಗ ಈಗಿನ ಆಂಧ್ರದ ಒಂಗೋಲಿನ ಬ್ಯಾಪ್ಟಿಸ್ಟ್ ಕ್ರೈಸ್ತ ಸಭೆಯನ್ನು ಒಂದು ಸಾಲಿನಲ್ಲಿ ಮುಗಿಸುವುದು ವಾಡಿಕೆಯಾಗಿದೆ: ಬರಗಾಲದಲ್ಲಿ ಅನ್ನ ಕೊಟ್ಟ ಅಮೆರಿಕದ ಪಾದ್ರಿ ಒಂದೇ ದಿನ ಎರಡು ಸಾವಿರ ಜನರಿಗೆ ದೀಕ್ಷಾಸ್ನಾನ (ಸಭೆಗೆ ಸೇರುವಾಗ ನೀರಿನಲ್ಲಿ ಮುಳುಗಿಸುವ ವಿಧಿ) ಮಾಡಿಸಿದ, ಅಲ್ಲಿಗೆ ಸಭೆ ಹುಟ್ಟಿತು ಎಂದು. ಈ ಒಂದು ಸಾಲಿನಲ್ಲಿ ಮೂರು ತಪ್ಪುಗಳಿವೆ. ಆ ದಿನ ಪಾದ್ರಿ ಒಬ್ಬರಿಗೂ ಸ್ನಾನ ಮಾಡಿಸಲಿಲ್ಲ. ಬರ ಪರಿಹಾರ ನಡೆಯುತ್ತಿದ್ದಷ್ಟು ಕಾಲವೂ ದೀಕ್ಷೆಯನ್ನು ನಿಲ್ಲಿಸಲಾಗಿತ್ತು. ಸಭೆಯಾದರೋ ಬರಕ್ಕಿಂತ ಹತ್ತು ವರ್ಷ ಹಿರಿಯದು. ಹಳ್ಳಿಯ ಬಡ ಜನ ಕಟ್ಟಿದ ಒಂದು ಸಭೆಯ ಚರಿತ್ರೆ ಹೀಗೆ ಬದಲಾಗಿ ಹೋಗಬಾರದೆಂದು ಈ ಪತ್ರ.

ಗೊಂದಲಕ್ಕೆ ಮೊದಲ ಕಾರಣ ತಾರೀಖುಗಳು. ಹಳ್ಳಿಯ ಯಾವುದೇ ಸಭೆಗೆ ನಾಲ್ಕೈದು ಹುಟ್ಟುದಿನಗಳಿರುತ್ತವೆ. ಮಿಷನರಿ ಬಂದ ದಿನ, ಮೊದಲ ಸ್ನಾನವಾದ ದಿನ, ಸದಸ್ಯರು ಒಡಂಬಡಿಕೆ ಮಾಡಿಕೊಂಡು ಸಭೆಯಾದ ದಿನ, ಕಟ್ಟಡ ಎದ್ದ ದಿನ. ಶತಮಾನೋತ್ಸವದ ಕಲ್ಲಿನ ಮೇಲೆ ಸಾಮಾನ್ಯವಾಗಿ ಕಟ್ಟಡದ ವರ್ಷವೇ ಇರುತ್ತದೆ. ಬ್ಯಾಪ್ಟಿಸ್ಟರ ಲೆಕ್ಕದಲ್ಲಿ ಮಾತ್ರ ಒಡಂಬಡಿಕೆಯ ದಿನವೇ ಸಭೆಯ ಹುಟ್ಟುದಿನ. ಕಟ್ಟಡವಿಲ್ಲದಿದ್ದರೂ ಸಭೆ ಸಭೆಯೇ. ಒಂಗೋಲಿಗೆ ಅದು 1867ರ ಜನವರಿ 1. ಸದಸ್ಯರು ಎಂಟು ಮಂದಿ, ಮಿಷನರಿ ದಂಪತಿಯೂ ಸೇರಿ.

ಅದಕ್ಕೂ ಹಿಂದೆ ಸುಮಾರು ಮೂರು ದಶಕಗಳ ಸೊರಗಿದ ಚರಿತ್ರೆಯಿದೆ. ಅಮೆರಿಕದ ಬ್ಯಾಪ್ಟಿಸ್ಟರ ಪರವಾಗಿ ಸ್ಯಾಮ್ಯುಯೆಲ್ ಡೇ 1836ರಲ್ಲಿ ಬಂದವರು, 1840ರಲ್ಲಿ ನೆಲ್ಲೂರಿನಲ್ಲಿ ನೆಲೆಯಾದರು. ಅದೇ ವರ್ಷ ಅಲ್ಲಿ ಮೊದಲ ದೀಕ್ಷಾಸ್ನಾನ, 1844ರಲ್ಲಿ ನೆಲ್ಲೂರು ಸಭೆ. ಫಲ ಎಷ್ಟು ಕಡಿಮೆಯಿತ್ತೆಂದರೆ, ಈ ಮಿಷನ್ನನ್ನು ಮುಚ್ಚಿಬಿಡೋಣ ಎಂಬ ಚರ್ಚೆ ಅಮೆರಿಕದಲ್ಲಿ ಮತ್ತೆ ಮತ್ತೆ ಎದ್ದಿತು. 1849ರಲ್ಲಿ ಬಂದ ಲೈಮನ್ ಜೂವೆಟ್ ಬಿಟ್ಟುಕೊಡಲಿಲ್ಲ. 1854ರ ಜನವರಿ 1ರ ಬೆಳಗಿನ ಜಾವ ಒಂಗೋಲಿನ ಗುಡ್ಡದ ಮೇಲೆ ಐವರು ಪ್ರಾರ್ಥನೆ ಮಾಡಿದರು: ಜೂವೆಟ್ ದಂಪತಿ ಮತ್ತು ತೆಲುಗಿನ ಮೂವರು, ನರ್ಸು, ಜೂಲಿಯಾ, ರೂತ್. ಆ ಗುಡ್ಡಕ್ಕೆ ಪ್ರಾರ್ಥನೆಯ ಗುಡ್ಡ ಎಂದೇ ಹೆಸರಾಯಿತು. ಒಂಗೋಲಿಗೆ ಒಬ್ಬ ಮಿಷನರಿ ಬೇಕೆಂಬ ಅವರ ಬೇಡಿಕೆ ಈಡೇರಿದ್ದು ಹನ್ನೆರಡು ವರ್ಷಗಳ ನಂತರ, 1866ರ ಸೆಪ್ಟೆಂಬರಿನಲ್ಲಿ ಜಾನ್ ಕ್ಲಫ್ ಮತ್ತು ಅವರ ಪತ್ನಿ ಹ್ಯಾರಿಯೆಟ್ ಒಂಗೋಲಿಗೆ ಬಂದಾಗ.

ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕ್ಲಫ್ ಅವರಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಯೆರ್ರಗುಂಟ್ಲ ಪೇರಯ್ಯನವರಿಂದ. ಅವರು ಮಾದಿಗ ಸಮುದಾಯದವರು, ತೊಗಲಿನ ವ್ಯಾಪಾರಿ. ಯೋಗಮಾರ್ಗದ ಗುರುಪರಂಪರೆಯೊಂದರಲ್ಲಿ ದೀಕ್ಷೆ ಪಡೆದು, ಸ್ವತಃ ಶಿಷ್ಯರನ್ನು ಹೊಂದಿದ್ದವರು. ಹಸಿ ತೊಗಲು ಕೊಳ್ಳಲು ಉತ್ತರಕ್ಕೆ, ಗೋದಾವರಿ ಸೀಮೆಯವರೆಗೆ ಹೋಗುತ್ತಿದ್ದಾಗ ಏಲೂರಿನಲ್ಲಿ ಆಂಗ್ಲಿಕನ್ ಮಿಷನರಿಯ ಮಾತು ಕೇಳಿದರು. ನಿಮ್ಮ ಊರಿಗೆ ಹತ್ತಿರವಾದದ್ದು ಒಂಗೋಲು, ಅಲ್ಲಿಗೆ ಒಬ್ಬರು ಬರುತ್ತಾರೆ, ಅವರನ್ನು ಕಾಣಿ ಎಂದು ಅಲ್ಲಿ ಹೇಳಿದರು. 1866ರಲ್ಲಿ ಪೇರಯ್ಯ ಮತ್ತು ಅವರ ಪತ್ನಿ ನಾಗಮ್ಮ ದೀಕ್ಷಾಸ್ನಾನ ಪಡೆದರು. ಆಗಿನ್ನೂ ಕ್ಲಫ್ ಒಂಗೋಲಿನಲ್ಲಿ ಮನೆ ಹೂಡಿರಲಿಲ್ಲ. ದಂಪತಿ ತಮ್ಮ ಸೀಮೆಗೆ ಮರಳಿ, ತೊಗಲಿನ ವ್ಯವಹಾರದಿಂದಲೂ ನೆಂಟಸ್ತನದಿಂದಲೂ ಗೊತ್ತಿದ್ದ ಹಳ್ಳಿಗಳಲ್ಲಿ ಕೇರಿಯಿಂದ ಕೇರಿಗೆ ಹೋಗಿ ಹೇಳಿದರು. ಮುಂದೆ ಆದದ್ದೆಲ್ಲ ಈ ನೆಂಟಸ್ತನದ ದಾರಿಯಲ್ಲೇ ಹರಿಯಿತು. ಒಂಗೋಲು ಪೇಟೆಯಲ್ಲಿ ನಿಂತು ಮಾಡಿದ ಉಪದೇಶಕ್ಕೆ ಅಷ್ಟು ಫಲ ಸಿಗಲಿಲ್ಲ.

1867ರ ಜನವರಿಯಲ್ಲಿ, ಸಭೆಯಾಗಿ ಕೆಲವೇ ವಾರಗಳಲ್ಲಿ, ಕ್ಲಫ್ ಒಂಗೋಲಿಗೆ ಪಶ್ಚಿಮದಲ್ಲಿರುವ ತಳ್ಳಕೊಂಡಪಾಡಿನ ಹತ್ತಿರ ಹುಣಸೆ ತೋಪೊಂದರಲ್ಲಿ ಡೇರೆ ಹಾಕಿದರು. ಪೇರಯ್ಯನವರು ತಿದ್ದಿ ಸಿದ್ಧಗೊಳಿಸಿದ ಜನ ಸುತ್ತಲ ಹಳ್ಳಿಗಳಿಂದ ಬಂದರು. ಕೆಲವು ದಿನಕ್ಕಾಗುವಷ್ಟು ಬುತ್ತಿ, ಸ್ನಾನದ ನಂತರ ಉಡಲು ಬಟ್ಟೆಯ ಗಂಟು, ಎರಡನ್ನೂ ತಾವೇ ಕಟ್ಟಿಕೊಂಡು. ಕೇಳಿ, ಕಲಿತು, ಪರೀಕ್ಷೆಗೆ ಒಳಗಾಗಿ 28 ಮಂದಿ ಸ್ನಾನ ಪಡೆದರು. ಅನ್ನಕ್ಕಾಗಿ ಬಂದವರು ಎನ್ನುವ ಮಾತಿಗೆ ಆ ಬುತ್ತಿಯ ಗಂಟೇ ಉತ್ತರ.

ಆಗ ಒಂಗೋಲು ಪೇಟೆಯಲ್ಲಿ ಬೇರೊಂದು ಸಮಸ್ಯೆ ಎದ್ದಿತು. ಮೇಲ್ಜಾತಿಯ ಕೆಲವರು ಮಿಷನರಿಯ ಮಾತನ್ನು ಆದರದಿಂದ ಕೇಳುತ್ತಿದ್ದರು. ಮಾದಿಗರನ್ನು ಸೇರಿಸಿಕೊಂಡರೆ ನಾವು ಬರುವುದಿಲ್ಲ ಎಂಬ ಸೂಚನೆ ಅವರಿಂದ ಬಂತು. ಕ್ಲಫ್ ದಂಪತಿ ಬೇರೆ ಬೇರೆ ಕೋಣೆಯಲ್ಲಿ ಕೂತು ಬೈಬಲ್ ತೆರೆದಾಗ ಇಬ್ಬರಿಗೂ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮೊದಲ ಅಧ್ಯಾಯದ ಅದೇ ಭಾಗ ಕಣ್ಣಿಗೆ ಬಿತ್ತು, ಕರೆಯಲ್ಪಟ್ಟವರಲ್ಲಿ ಕುಲೀನರು ಬಹಳ ಮಂದಿಯಿಲ್ಲ ಎನ್ನುವ ಭಾಗ, ಎಂದು ಕ್ಲಫ್ ಅವರೇ ಹೇಳಿದ್ದಾರೆ. ಹೇಗೇ ಇರಲಿ, ನಿರ್ಧಾರ ಸ್ಪಷ್ಟವಾಗಿತ್ತು: ಯಾರು ಮೊದಲು ಬಂದರೋ ಅವರನ್ನು ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಇದರ ಬೆಲೆಯನ್ನೂ ಸಭೆ ತೆತ್ತಿತು. ಮೇಲ್ಜಾತಿಯವರು ದೂರ ಸರಿದರು, ಅಸ್ಪೃಶ್ಯರೆಂದು ಕಾಣಲಾಗುತ್ತಿದ್ದ ಇನ್ನೊಂದು ಸಮುದಾಯವಾದ ಮಾಲರೂ ಒಂಗೋಲಿನ ಕಡೆಗೆ ಹೆಚ್ಚಾಗಿ ಬರಲಿಲ್ಲ. ಸಭೆ ಬಹುಮಟ್ಟಿಗೆ ಒಂದೇ ಸಮುದಾಯದ್ದಾಗಿ ಬೆಳೆಯಿತು. ಜಾತಿಯ ಗೋಡೆಯನ್ನು ದಾಟಲು ಹೊರಟ ಸಭೆಯೊಳಗೇ ಈ ಗೆರೆ ಉಳಿದದ್ದನ್ನು ಮುಚ್ಚಿಡಬಾರದು.

ಸದಸ್ಯತ್ವಕ್ಕೆ ಇಟ್ಟ ಷರತ್ತುಗಳನ್ನು ನೋಡಿದರೆ ಈ ಜನ ಏನನ್ನು ಪಣಕ್ಕೆ ಒಡ್ಡಿದರೆಂದು ತಿಳಿಯುತ್ತದೆ. ಭಾನುವಾರ ದುಡಿಯಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹಪೂಜೆ ಮಾಡಬಾರದು. ಕೇಳಲು ಸಣ್ಣ ಮಾತುಗಳು. ಆದರೆ ಆ ಕಾಲದ ಹಳ್ಳಿಯಲ್ಲಿ ಮಾದಿಗ ಮನೆತನವೊಂದು ಊರಿನ ರೈತರಿಗೆ ತಲೆತಲಾಂತರದಿಂದ ಕಟ್ಟುಬಿದ್ದಿರುತ್ತಿತ್ತು. ಮೆಟ್ಟು, ಮಿಣಿ, ಕಪಿಲೆ ಬಾವಿಯ ತೊಗಲು ಚೀಲ ಇವನ್ನು ಮಾಡಿಕೊಡಬೇಕು, ರಿಪೇರಿ ಮಾಡಬೇಕು. ಬಿತ್ತನೆ ಕೊಯ್ಲಿಗೆ ಕರೆದಾಗ ಬರಬೇಕು. ಸತ್ತ ದನ ಸಾಗಿಸಬೇಕು. ಜಾತ್ರೆಯಲ್ಲಿ ತಮಟೆ ಬಡಿಯಬೇಕು. ಪ್ರತಿಯಾಗಿ ಸುಗ್ಗಿಯಲ್ಲಿ ಕಣದ ಪಾಲು, ಸತ್ತ ದನದ ತೊಗಲು ಮತ್ತು ಮಾಂಸ. ಈಗ ಷರತ್ತುಗಳನ್ನು ಒಂದೊಂದಾಗಿ ಇದಕ್ಕೆ ಹೊಂದಿಸಿ ನೋಡಿ. ಹದ ಬಂದ ಭಾನುವಾರ ಬಿತ್ತನೆಗೆ ಹೋಗದಿದ್ದರೆ ರೈತನ ಕೋಪ, ಕಣದ ಪಾಲಿಗೆ ಕತ್ತರಿ. ಸತ್ತ ದನ ಬಿಟ್ಟರೆ ಆಹಾರದ ಒಂದು ಮೂಲವೇ ಹೋಯಿತು. ತಮಟೆ ಬಿಟ್ಟರೆ ಇಡೀ ಊರಿನ ಹಬ್ಬ ನಿಂತಂತೆ, ಊರಿಗೆ ಕೇಡು ಬಂದರೆ ಹೊಣೆ ಇವರ ಮೇಲೆ. ಹೀಗಾಗಿ ಮೊದಲ ವರ್ಷಗಳಲ್ಲಿ ಹೊಡೆತ, ಸುಳ್ಳು ಮೊಕದ್ದಮೆ, ನೀರು ಮತ್ತು ದಾರಿಗೆ ತಡೆ ಇವೆಲ್ಲ ನಡೆದವು. ಒಂಟಿ ಕುಟುಂಬವಾದರೆ ತಾಳುವುದು ಕಷ್ಟ. ಕೇರಿಗೆ ಕೇರಿಯೇ ಒಟ್ಟಾಗಿ ನಿರ್ಧರಿಸಲು ಮುಂದಾದದ್ದಕ್ಕೆ ಇದೂ ಒಂದು ಕಾರಣ. ಇದನ್ನು ಗುಂಪು ಮನಸ್ಸು ಎಂದು ಹಗುರವಾಗಿ ಕಾಣುವವರು ಆ ಕೇರಿಯ ಬದುಕಿನ ಲೆಕ್ಕವನ್ನು ನೋಡಿಲ್ಲ.

ಸಭೆಯ ಆಡಳಿತವೂ ಕೇರಿಯ ರೂಢಿಯನ್ನು ಹಿಡಿದೇ ಬೆಳೆಯಿತು. ಬ್ಯಾಪ್ಟಿಸ್ಟರಲ್ಲಿ ಬಿಷಪ್ ಇಲ್ಲ. ಸದಸ್ಯರನ್ನು ಸೇರಿಸುವುದು, ಶಿಸ್ತಿನ ಕ್ರಮ, ಹೊರಹಾಕುವುದು, ಮರಳಿ ಸೇರಿಸುವುದು ಎಲ್ಲವೂ ಸಭೆಯ ತೀರ್ಮಾನ. ಕೇರಿಯ ಪಂಚಾಯಿತಿಯ ಹಿರಿಯರು ದೀಕ್ಷೆ ಪಡೆದಾಗ ಅದೇ ಪಂಚಾಯಿತಿ ಹಳ್ಳಿ ಸಭೆಯ ಹಿರಿಯರ ಕೂಟವಾಯಿತು. ವರ್ಷಕ್ಕೆ ನಾಲ್ಕು ಸಲ ಬೋಧಕರೆಲ್ಲ ಒಂಗೋಲಿನಲ್ಲಿ ಸೇರಿ, ತಮ್ಮ ತಮ್ಮ ಹಳ್ಳಿಗಳ ವರದಿ ಕೊಟ್ಟು, ಬೈಬಲ್ ಪಾಠ ಕೇಳಿ, ಪ್ರಭುಭೋಜನದಲ್ಲಿ (ಯೇಸುವಿನ ಕೊನೆಯ ಊಟವನ್ನು ನೆನೆಯುವ ವಿಧಿ) ಪಾಲ್ಗೊಂಡು ಹಿಂದಿರುಗುತ್ತಿದ್ದರು. ಗುರುಗಳಿಗೆ ಶಿಷ್ಯರು ಧಾನ್ಯ ಕೊಡುತ್ತಿದ್ದ ಹಳೆಯ ಪದ್ಧತಿಯಂತೆ ಬೋಧಕರ ಜೀವನಕ್ಕೂ ಹಳ್ಳಿಯವರ ಧಾನ್ಯ ಒದಗುತ್ತಿತ್ತು, ಉಳಿದದ್ದು ಮಿಷನ್ನಿಂದ. ಬೋಧಕರ ತರಬೇತಿಗೆ 1870ರ ದಶಕದ ಆರಂಭದಲ್ಲಿ ರಾಮಪಟ್ಣಂನಲ್ಲಿ ಸೆಮಿನರಿ ಶುರುವಾಯಿತು. ಈ ಏರ್ಪಾಟಿನಲ್ಲೇ, ಬರ ಬರುವ ಹೊತ್ತಿಗಾಗಲೇ, ಸದಸ್ಯರ ಸಂಖ್ಯೆ ಮೂರು ಸಾವಿರ ದಾಟಿತ್ತು. ಹತ್ತು ವರ್ಷಗಳಲ್ಲಿ ಎಂಟರಿಂದ ಮೂರು ಸಾವಿರ. ಇದು ಅನ್ನದಾನದ ಕಾಲವಲ್ಲ.

1876ರಲ್ಲಿ ಮಳೆ ಕೈಕೊಟ್ಟಿತು. ಪರಿಹಾರ ಕಾಮಗಾರಿಯಾಗಿ ಸರ್ಕಾರ ಕೋರಮಂಡಲ ಕರಾವಳಿಯ ಬಕಿಂಗ್‌ಹ್ಯಾಮ್ ಕಾಲುವೆಯ ತುಂಡುಗಳನ್ನು ಅಗೆಸತೊಡಗಿತು. ಕ್ಲಫ್ ಅವರು ಮಿಷನರಿಯಾಗುವ ಮೊದಲು, ಹರೆಯದಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ ಸರ್ವೆ ಕೆಲಸ ಮಾಡಿದವರು; ಮಟ್ಟ ನೋಡಲು, ಮಣ್ಣಿನ ಅಳತೆ ಹಾಕಲು ಬಲ್ಲವರು. ಮೂರೂವರೆ ಮೈಲಿಯ ಗುತ್ತಿಗೆ ಹಿಡಿದರು. ಸಭೆಯ ಬೋಧಕರೇ ಮೇಸ್ತ್ರಿಗಳಾದರು. ಬೇರೆ ಕಡೆ ಕೂಲಿಯಲ್ಲೂ ಕುಡಿಯುವ ನೀರಿನಲ್ಲೂ ಅಪಮಾನ ಉಣ್ಣುತ್ತಿದ್ದ ಜನಕ್ಕೆ ತಮ್ಮವರೇ ಹಾಜರಿ ಹಾಕುವ ಕೆಲಸದ ಜಾಗ ಸಿಕ್ಕಿತು. ಅಗೆದು ದಣಿದವರು ಗಳಿಗೆ ಹೊತ್ತು ಕೂತಾಗ ಬೋಧಕರ ಮಾತು ಕೇಳುತ್ತಿದ್ದರು. ಪೇರಯ್ಯನವರಂಥವರು ಹತ್ತು ವರ್ಷದಿಂದ ಓಡಾಡಿದ್ದ ಹಳ್ಳಿಗಳ ಜನವೇ ಇಲ್ಲಿ ಒಟ್ಟಿಗೆ ಸೇರಿದ್ದರು. ಬರ ಮಾಡಿದ ನಿಜವಾದ ಕೆಲಸ ಇಷ್ಟು: ಚದುರಿದ್ದ ಕೇಳುಗರನ್ನು ಒಂದೆಡೆ ಕೂಡಿಸಿತು.

ಇಲ್ಲಿಯೇ ಕ್ಲಫ್ ಅವರ ಅತ್ಯಂತ ಮುಖ್ಯ ನಿರ್ಧಾರ ಬರುತ್ತದೆ. ಜನ ದೀಕ್ಷೆ ಕೇಳಿ ಬಂದರೂ, ಪರಿಹಾರದ ಹಣ ಮತ್ತು ಕೆಲಸ ತಮ್ಮ ಕೈಯಲ್ಲಿರುವ ತನಕ ಯಾರಿಗೂ ಸ್ನಾನವಿಲ್ಲ ಎಂದರು. ಹದಿನೈದು ತಿಂಗಳು ಒಂದು ದೀಕ್ಷಾಸ್ನಾನವೂ ನಡೆಯಲಿಲ್ಲ. ಕೊಡಲು ನನ್ನಲ್ಲಿ ಇನ್ನೇನೂ ಇಲ್ಲ ಎಂದು ತಿಳಿಸಿದ ಮೇಲೂ ಜನ ಬರುವುದು ನಿಲ್ಲಲಿಲ್ಲ. 1878ರ ಜೂನ್ 16ರಿಂದ ಸ್ನಾನ ಮತ್ತೆ ಆರಂಭವಾಯಿತು. ಒಂಗೋಲಿನಲ್ಲಿ ಸಿಡುಬು ಇದ್ದುದರಿಂದ ಜನರನ್ನು ಅಲ್ಲಿಗೆ ಬರಮಾಡಿಕೊಳ್ಳದೆ, ಸುಮಾರು ಹತ್ತು ಮೈಲಿ ಉತ್ತರದಲ್ಲಿ ಗುಂಡ್ಲಕಮ್ಮ ನದಿಯ ದಡದ ವೆಲ್ಲಂಪಲ್ಲಿಗೆ ಬರಹೇಳಿದರು. ಜುಲೈ 2ರಂದು 614, ಜುಲೈ 3ರಂದು 2,222, ಜುಲೈ 4ರಂದು 700. ಮೂರು ದಿನದಲ್ಲಿ 3,536 ಮಂದಿ.

ಒಂದೇ ದಿನ 2,222 ಜನರನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ಎಬ್ಬಿಸುವುದು ಸಾಧ್ಯವೇ ಎಂಬ ಸಂಶಯ ಆಗಲೇ ಕೇಳಿಬಂದಿತ್ತು, ಇಂದಿಗೂ ಕೇಳುತ್ತದೆ. ಸಾಧ್ಯ, ಅವಸರವಿಲ್ಲದೆ. ಅಭಿಷಿಕ್ತ, ಅಂದರೆ ಸ್ನಾನ ಮಾಡಿಸುವ ಅಧಿಕಾರ ಪಡೆದ, ತೆಲುಗು ಬೋಧಕರು ಆರು ಮಂದಿ. ಒಂದು ಹೊತ್ತಿಗೆ ನೀರಿನಲ್ಲಿ ನಿಲ್ಲುತ್ತಿದ್ದವರು ಇಬ್ಬರೇ. ದಣಿದಾಗ ಮುಂದಿನ ಇಬ್ಬರು ಇಳಿಯುತ್ತಿದ್ದರು. ಬೆಳಿಗ್ಗೆ ಶುರು, ಮಧ್ಯಾಹ್ನ ಬಿಡುವು, ಮತ್ತೆ ಸಂಜೆಯ ತನಕ. ಒಟ್ಟು ಸುಮಾರು ಒಂಬತ್ತು ಗಂಟೆ. ಒಂಬತ್ತು ಗಂಟೆಯೆಂದರೆ 540 ನಿಮಿಷ, ಇಬ್ಬರಿಗೆ 1,080. ಅದನ್ನು 2,222ಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಹತ್ತಿರ ಹತ್ತಿರ ಅರ್ಧ ನಿಮಿಷ. ಹೆಸರು ಓದಿ, ತಂದೆಯ ಮಗನ ಪವಿತ್ರಾತ್ಮನ ಹೆಸರಿನಲ್ಲಿ ಎಂದು ಹೇಳಿ, ಒಮ್ಮೆ ಮುಳುಗಿಸಿ ಎಬ್ಬಿಸಲು ಅಷ್ಟು ಸಾಕು. ಸಮಯ ತಿನ್ನುವ ಕೆಲಸವೆಂದರೆ ಪರೀಕ್ಷೆ ಮತ್ತು ಹೆಸರು ಬರೆಯುವುದು, ಅವೆರಡೂ ದಡದಲ್ಲಿ ಮೊದಲೇ ಮುಗಿದಿದ್ದವು. ಆಯಾ ಹಳ್ಳಿಯ ಬೋಧಕ ತನ್ನವರಿಗೆ ಸಾಕ್ಷಿಯಾಗಿ ನಿಂತು, ಇವರು ಬಲ್ಲವರು, ಇವರು ಇನ್ನೂ ಕಾಯಲಿ ಎಂದು ಹೇಳಬೇಕಿತ್ತು. ಕ್ಲಫ್ ದಡದಲ್ಲಿದ್ದು ವ್ಯವಸ್ಥೆ ನೋಡಿಕೊಂಡರು. ನದಿಗೆ ಇಳಿದು ದೀಕ್ಷೆ ಕೊಟ್ಟವರು ತೆಲುಗರು. ಈ ಸಂಗತಿಯೇ ನಮ್ಮ ಲೇಖನಗಳಲ್ಲಿ ಪೂರ್ತಿ ಮರೆಯಾಗಿರುವುದು ಬೇಸರ ತರುತ್ತದೆ.

ವರ್ಷದ ಕೊನೆಗೆ ಸದಸ್ಯರು ಹನ್ನೆರಡು ಸಾವಿರ ದಾಟಿದರು. ನಿಜವಾದ ತೊಂದರೆ ಶುರುವಾದದ್ದು ಆಮೇಲೆ. ಕಾಗದದ ಮೇಲೆ ಇದು ಒಂದೇ ಸಭೆ, ಸದಸ್ಯರು ಮಾತ್ರ ನೂರಾರು ಹಳ್ಳಿಗಳಲ್ಲಿ. ಓದು ಬಂದವರು ವಿರಳ, ಕಲಿಸುವವರು ಇನ್ನೂ ವಿರಳ. ಸದಸ್ಯನ ನಡತೆಯನ್ನು ಸಭೆಯೇ ವಿಚಾರಿಸಬೇಕೆಂಬ ನಿಯಮ ಅರವತ್ತು ಜನರ ಹಳ್ಳಿಯಲ್ಲಿ ನಡೆದೀತು. ಹನ್ನೆರಡು ಸಾವಿರ ಜನರಿರುವಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ತಿಳಿಯದು. ದೂರದ ಹಳ್ಳಿಗಳಿಗೆ ಪ್ರಭುಭೋಜನ ಅಪರೂಪವಾಯಿತು, ಸೋತವರನ್ನು ಕೈಹಿಡಿಯುವವರಿಲ್ಲದೆ ಕೆಲವರು ಜಾರಿದರು. ವಿನುಕೊಂಡ, ನರಸರಾವುಪೇಟೆ, ಕಂಬಂ, ಬಾಪಟ್ಲಗಳನ್ನು ಬೇರೆ ಕ್ಷೇತ್ರಗಳನ್ನಾಗಿ ಮಾಡಿದ್ದು, 1883ರಲ್ಲಿ ಒಂಗೋಲು ಸಭೆಯನ್ನೇ ಹಲವು ಸಭೆಗಳಾಗಿ ವಿಂಗಡಿಸಿದ್ದು ಈ ಕಾರಣಕ್ಕೆ. ಆ ವಿಂಗಡಣೆ ನಾಲ್ಕು ವರ್ಷ ಮೊದಲೇ ಆಗಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. ಹಳ್ಳಿಯ ಹಿರಿಯರ ಕೂಟಗಳು ಹೇಗೂ ಸಿದ್ಧವಿದ್ದವು, ಅಧಿಕಾರ ಮಾತ್ರ ಒಂಗೋಲಿನಲ್ಲೇ ಉಳಿದಿತ್ತು.

ಸಂಖ್ಯೆಗಳನ್ನು ಓದುವಾಗಲೂ ಎಚ್ಚರ ಬೇಕು. ನಮ್ಮ ಕಡೆ ಬಾಸೆಲ್ ಮಿಷನ್, ಬಳ್ಳಾರಿಯ ಲಂಡನ್ ಮಿಷನ್ ಸಭೆಗಳಲ್ಲಿ ಶಿಶುಗಳಿಗೂ ದೀಕ್ಷಾಸ್ನಾನವಿತ್ತು, ಸಮುದಾಯದ ಲೆಕ್ಕದಲ್ಲಿ ಮಕ್ಕಳೂ ಸೇರುತ್ತಿದ್ದರು. ಬ್ಯಾಪ್ಟಿಸ್ಟರದು ಸ್ವಂತ ಬಾಯಿಂದ ನಂಬಿಕೆ ಹೇಳಿ ಸ್ನಾನ ಪಡೆದವರ ಲೆಕ್ಕ ಮಾತ್ರ. ಹಾಗಾಗಿ ಎರಡು ಕಡೆಯ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ತಪ್ಪಾಗುತ್ತದೆ. ಒಂದು ವರ್ಷದ ಸದಸ್ಯ ಸಂಖ್ಯೆಗೆ ಮರುವರ್ಷದ ಸ್ನಾನಗಳನ್ನು ಕೂಡಿದರೆ ಮೊತ್ತ ತಾಳೆಯಾಗುವುದಿಲ್ಲ. ಸತ್ತವರು, ವರ್ಗಾವಣೆಯ ಪತ್ರ ಪಡೆದು ಬೇರೆ ಸಭೆಗೆ ಹೋದವರು, ಹೊರಹಾಕಲ್ಪಟ್ಟವರನ್ನು ಕಳೆಯಬೇಕು, ಪತ್ರ ತಂದು ಸೇರಿದವರನ್ನೂ ಮರಳಿ ಬಂದವರನ್ನೂ ಕೂಡಬೇಕು. ಆ ಕಾಲಂಗಳನ್ನು ಬಿಟ್ಟು ಒಂದೇ ಅಂಕಿ ಎತ್ತಿಕೊಂಡವರು ಸುಳ್ಳು ಲೆಕ್ಕ ಎಂದು ದೂರುವುದುಂಟು.

ದಾಖಲೆ ಹುಡುಕುವವರು ಇನ್ನೊಂದು ವಿಷಯ ನೆನಪಿಡಬೇಕು. ಒಂಗೋಲು ಆಗ ನೆಲ್ಲೂರು ಜಿಲ್ಲೆಯಲ್ಲಿತ್ತು. 1904ರಲ್ಲಿ ಗುಂಟೂರು ಜಿಲ್ಲೆಯಾದಾಗ ಅಲ್ಲಿಗೆ ಸೇರಿತು. ಈಗಿನ ಪ್ರಕಾಶಂ ಜಿಲ್ಲೆ ಆದದ್ದು 1970ರಲ್ಲಿ. ಬರದ ಕಾಲದ ಸರ್ಕಾರಿ ಕಡತಗಳನ್ನು ಗುಂಟೂರಿನ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಳ್ಳಿಗಳ ಹೆಸರನ್ನು ಮಿಷನರಿಗಳು ಕಿವಿಗೆ ಬಿದ್ದಂತೆ ಬರೆದಿದ್ದಾರೆ, ಒಂದೇ ಊರಿಗೆ ಮೂರು ಕಾಗುಣಿತಗಳಿರುತ್ತವೆ. ನಕ್ಷೆಯೊಂದಿಗೆ ದೂರವನ್ನೂ ದಿಕ್ಕನ್ನೂ ಹೊಂದಿಸಿದ ಮೇಲೆಯೇ ಊರನ್ನು ಗುರುತಿಸಬೇಕು.

ಇದೆಲ್ಲಕ್ಕೂ ಆಧಾರವಾಗಿ ಉಳಿಯುವುದು ಹಳ್ಳಿ ಸಭೆಗಳ ದೀಕ್ಷಾಸ್ನಾನದ ರಿಜಿಸ್ಟರುಗಳು. ಕರ್ನಾಟಕದ ಹಳೆಯ ಸಭೆಗಳಲ್ಲೂ ಇಂಥವು ಇವೆ, ಬಹುಪಾಲು ಕಪಾಟಿನ ಅಡಿಯಲ್ಲಿ. ಹಳೆಯ ಶಾಯಿಯಲ್ಲಿ ಕಬ್ಬಿಣದ ಅಂಶವಿದ್ದರೆ ಅಕ್ಷರವಿರುವ ಕಡೆಯೇ ಕಾಗದ ಕೊರೆದುಹೋಗುತ್ತದೆ, ತೇವ ತಗುಲಿದರೆ ಇನ್ನೂ ಬೇಗ. ಹರಿದ ಹಾಳೆಗೆ ಅಂಟುಟೇಪ್ ಹಚ್ಚಬಾರದು, ಕೆಲವೇ ವರ್ಷಗಳಲ್ಲಿ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನು ನುಂಗುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ಹೊಲಿಗೆ ಬಿಗಿಯಿರುವ ರಿಜಿಸ್ಟರನ್ನು ಜೆರಾಕ್ಸ್ ಯಂತ್ರದ ಮೇಲೆ ಅದುಮಿದರೆ ಬೆನ್ನು ಮುರಿಯುತ್ತದೆ. ಕಿಟಕಿಯ ಬೆಳಕಿನಲ್ಲಿ, ನೇರ ಬಿಸಿಲಿಲ್ಲದೆ, ರಟ್ಟಿನಿಂದ ಶುರುಮಾಡಿ ಖಾಲಿ ಪುಟವನ್ನೂ ಬಿಡದೆ ಪ್ರತಿ ಪುಟದ ಚಿತ್ರ ತೆಗೆದು, ಎರಡು ಬೇರೆ ಕಡೆ ಪ್ರತಿ ಇಡುವುದು ಯಾವ ಸಭೆಗೂ ಭಾರವಲ್ಲ. ಮೂಲ ಪುಸ್ತಕವನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಕಬ್ಬಿಣದ ಬೀರುವಿನಲ್ಲಿ ಇಡಬಹುದು. ಚಿತ್ರಗಳನ್ನು ಮಾತ್ರ ಹಾಗೆಯೇ ಪ್ರಕಟಿಸುವುದು ಬೇಡ. ರಿಜಿಸ್ಟರಿನಲ್ಲಿ ಜಾತಿಯ ಕಾಲಂ ಇರುತ್ತದೆ, ಮತ್ತು 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತರಾದವರಿಗೆ ಆ ಸ್ಥಾನಮಾನ ಇಲ್ಲ. ಆದ್ದರಿಂದ ಅಜ್ಜನ ಹೆಸರು ಬಯಲಾದರೆ ಮೊಮ್ಮಕ್ಕಳಿಗೆ ತೊಂದರೆಯಾದೀತೆಂದು ಅನೇಕ ಸಭೆಗಳು ರಿಜಿಸ್ಟರು ತೋರಿಸಲು ಹೆದರುತ್ತವೆ. ಹೆಸರುಗಳನ್ನು ಬಿಟ್ಟು ಊರು, ವರ್ಷ, ಸಂಖ್ಯೆಗಳನ್ನಷ್ಟೇ ತೆಗೆದುಕೊಂಡರೂ ಚರಿತ್ರೆಗೆ ಬೇಕಾದದ್ದು ಸಿಗುತ್ತದೆ. ಸಭೆಯ ಹಿರಿಯರಿಗೆ ಇದನ್ನು ಮೊದಲೇ ಬರಹದಲ್ಲಿ ಕೊಟ್ಟರೆ ಬೀರುವಿನ ಬಾಗಿಲು ತೆರೆಯುವ ಸಾಧ್ಯತೆ ಹೆಚ್ಚು.

ಇಂತಿ,
ಸಭಾ ಚರಿತ್ರೆಯ ಆಸಕ್ತರು, ಬಳ್ಳಾರಿ